ಮಳೆಗಾಲದಲ್ಲಿ ಹಡಗು ನಿಂತರೆ ದ್ವೀಪದ ಅಡುಗೆಮನೆಗೆ ಆಧಾರವೇನು?

ಜಯನಗರ ನಿವಾಸಿ (ಭಾನುವಾರ, ಬೆಳಿಗ್ಗೆ 7.40)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಎರಡು ವರ್ಷಗಳಿಂದ ಲಕ್ಷದ್ವೀಪದ ಕವರತ್ತಿಯಲ್ಲಿ ಶಿಕ್ಷಕಿಯಾಗಿದ್ದಾಳೆ. ಮೇ ತಿಂಗಳ ಕೊನೆಯಲ್ಲಿ ನಾನೂ ನನ್ನ ಶ್ರೀಮತಿಯೂ ಹತ್ತು ದಿನ ಇದ್ದು ಬರೋಣವೆಂದು ಹೊರಟವರು, ಮಳೆ ಹಿಡಿದು ಕಡಲು ಕೆಟ್ಟದ್ದರಿಂದ ಇಪ್ಪತ್ತೆರಡು ದಿನ ಅಲ್ಲೇ ಉಳಿಯಬೇಕಾಯಿತು. ಮೊದಲ ವಾರ ಅಂಗಡಿಯಲ್ಲಿ ಟೊಮೆಟೊ, ಹುರುಳಿಕಾಯಿ, ಎಲೆಕೋಸು ಇದ್ದವು. ಎರಡನೆಯ ವಾರ ಈರುಳ್ಳಿ ಮತ್ತು ಆಲೂಗಡ್ಡೆ ಮಾತ್ರ ಉಳಿದವು. ಮೂರನೆಯ ವಾರ ಆಲೂಗಡ್ಡೆಯೂ ಮೊಳಕೆ ಬಂದಿತ್ತು. ಅಕ್ಕಿಗೆ, ಬೇಳೆಗೆ ತೊಂದರೆ ಇರಲಿಲ್ಲ. ಆದರೆ ಶಾಲೆಯ ಮಕ್ಕಳ ಬುತ್ತಿಯಲ್ಲಿ ಹಸಿರು ಎಂಬುದೇ ಕಾಣದಾಯಿತೆಂದು ಮಗಳು ಹೇಳಿದಳು. ಪಕ್ಕದ ಮನೆಯ ತಾಯಿ ಒಂದು ದಿನ ಒಣಗಿಸಿದ ಸೂರೆ (ಟ್ಯೂನಾ) ಮೀನಿನ ಪುಡಿಯನ್ನೂ, ಹಲಸನ್ನು ಹೋಲುವ ಒಂದು ಸಣ್ಣ ಕಾಯಿಯ ಪಲ್ಯವನ್ನೂ ತಂದುಕೊಟ್ಟರು. ಮೀನು ನಮಗೆ ನಡೆಯುವುದಿಲ್ಲವೆಂದು ತಿಳಿದಾಗ, ಮರುದಿನ ಆ ಕಾಯಿಯನ್ನೇ ಎರಡು ಹೆಚ್ಚಿಗೆ ಕಳುಹಿಸಿದರು. ಆ ಪ್ರೀತಿಯನ್ನು ಮರೆಯಲಾರೆ.

ಲಕ್ಷದ್ವೀಪದಲ್ಲಿ 36 ದ್ವೀಪಗಳಿದ್ದರೂ ಜನವಸತಿ ಇರುವುದು 10ರಲ್ಲಿ ಮಾತ್ರ. ಎಲ್ಲ ಸೇರಿ 32 ಚದರ ಕಿಲೋಮೀಟರು ನೆಲ, 2011ರ ಜನಗಣತಿಯಂತೆ 64,473 ಜನ. ಇಷ್ಟು ಚಿಕ್ಕ ನೆಲದಲ್ಲಿ ತಮಗೆ ಬೇಕಾದ ಆಹಾರದಲ್ಲಿ ಎಷ್ಟನ್ನು ಅವರೇ ಬೆಳೆದುಕೊಳ್ಳಬಹುದು? ಉಳಿದದ್ದಕ್ಕೆ ಸರ್ಕಾರ ಯಾವ ಯೋಜನೆ ಮಾಡಬೇಕು? ನಮ್ಮ ಬೆಂಗಳೂರಿನಲ್ಲಿ ಕೃಷಿ ಓದಿದವರೂ ತಾರಸಿ ತೋಟ ಮಾಡಿದವರೂ ಬಹಳ ಮಂದಿ ಇದ್ದೀರಿ. ಮಗಳ ಶಾಲೆಯವರು ಏನಾದರೂ ಆರಂಭಿಸಲು ಸಿದ್ಧರಿದ್ದಾರೆ. ದಯವಿಟ್ಟು ತಿಳಿದದ್ದನ್ನು ಹೇಳಿ.

ವೈಟ್‌ಫೀಲ್ಡ್ ಎಂಜಿನಿಯರ್ (ಭಾನುವಾರ, ಬೆಳಿಗ್ಗೆ 8.15)

ಸರ್, ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ. ನೆಲ ಕಡಿಮೆ ಇದ್ದರೆ ಮೇಲಕ್ಕೆ ಬೆಳೆಯಬೇಕು. ಸಿಂಗಪುರ 2019ರಲ್ಲಿ, 2030ರ ಹೊತ್ತಿಗೆ ತನ್ನ ಪೌಷ್ಟಿಕಾಂಶದ ಅಗತ್ಯದಲ್ಲಿ ಶೇ. 30ರಷ್ಟನ್ನು ತಾನೇ ಉತ್ಪಾದಿಸುವ ಗುರಿ ಇಟ್ಟುಕೊಂಡಿತು; ಶೇ. 90ಕ್ಕೂ ಹೆಚ್ಚು ಆಹಾರವನ್ನು ಹೊರಗಿನಿಂದ ತರಿಸುವ ದೇಶ ಅದು. ಹಳೆಯ ಸರಕು ಕಂಟೇನರುಗಳಲ್ಲಿ ಎಲ್‌ಇಡಿ ದೀಪ ಹಾಕಿ, ಮಣ್ಣಿಲ್ಲದೆ, ನೀರನ್ನು ಮತ್ತೆ ಮತ್ತೆ ಬಳಸಿ ಸೊಪ್ಪು ಬೆಳೆಯಬಹುದು. ದ್ವೀಪಕ್ಕೆ ಹತ್ತು ಕಂಟೇನರು ಇಳಿಸಿದರೆ ಮಳೆಯ ಭಯವೂ ಇಲ್ಲ, ಉಪ್ಪಿನ ಭಯವೂ ಇಲ್ಲ.

ಹೆಸರಘಟ್ಟದ ಹಾದಿ (ಭಾನುವಾರ, ಬೆಳಿಗ್ಗೆ 9.02)

ವೈಟ್‌ಫೀಲ್ಡಿನವರೇ, ನಿಮ್ಮ ಉತ್ಸಾಹವನ್ನು ಗೌರವಿಸುತ್ತೇನೆ, ಆದರೆ ಸಿಂಗಪುರದ ಕಥೆಯನ್ನು ಪೂರ್ತಿ ಹೇಳಬೇಕು. ಆ ಗುರಿಯನ್ನು 2025ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರವೇ ಕೈಬಿಟ್ಟಿತು. ಅದರ ಬದಲಿಗೆ 2035ರ ಹೊತ್ತಿಗೆ ನಾರಿನಂಶದ ಆಹಾರದಲ್ಲಿ ಶೇ. 20, ಪ್ರೋಟೀನಿನಲ್ಲಿ ಶೇ. 30 ಎಂಬ ಹೊಸ ಗುರಿಗಳನ್ನು ಇಟ್ಟುಕೊಂಡಿದೆ. ಮೊದಲನೆಯದರಲ್ಲಿ ತರಕಾರಿ, ಮೊಳಕೆಕಾಳು, ಅಣಬೆ ಬರುತ್ತವೆ, ಎರಡನೆಯದರಲ್ಲಿ ಮೊಟ್ಟೆ ಮತ್ತು ಮೀನು. ವಿದ್ಯುತ್ತಿನ ಖರ್ಚು, ಬಂಡವಾಳದ ಖರ್ಚು ತಾಳಲಾರದೆ ಅಲ್ಲಿ ಹಲವು ಒಳಾಂಗಣ ತೋಟಗಳು ಮುಚ್ಚಿದವು. ಅಷ್ಟು ಸಿರಿವಂತ ನಗರಕ್ಕೇ ಭಾರವಾದದ್ದನ್ನು ಲಕ್ಷದ್ವೀಪದ ಮೇಲೆ ಹೇರುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಅಲ್ಲಿ ಆ ದೀಪಗಳು ಯಾವುದರಿಂದ ಉರಿಯುತ್ತವೆ? ಬಹುಪಾಲು ಡೀಸೆಲ್ ಜನರೇಟರುಗಳಿಂದ. ಆ ಡೀಸೆಲ್ಲು ಬರುವುದೂ ಹಡಗಿನಲ್ಲೇ. ಸೊಪ್ಪನ್ನು ತರುವ ಬದಲು ಸೊಪ್ಪು ಬೆಳೆಯುವ ಎಣ್ಣೆಯನ್ನು ತಂದಂತಾಯಿತು. ಹಡಗಿನ ಮೇಲಿನ ಅವಲಂಬನೆ ಒಂದಿಷ್ಟೂ ಕಡಿಮೆಯಾಗಲಿಲ್ಲ. ಪಂಪು ಕೆಟ್ಟರೆ ಬಿಡಿಭಾಗವೂ ಅದೇ ಹಡಗಿಗೆ ಕಾಯಬೇಕು.

ಇನ್ನೊಂದು ಮಾತು. ಕಂಟೇನರಿನಲ್ಲಿ ಚೆನ್ನಾಗಿ ಬರುವುದು ಲೆಟ್ಯೂಸ್, ಪಾಲಕ್ ಮೊದಲಾದ ಎಲೆಗಳು. ಎಲೆಯಿಂದ ಹೊಟ್ಟೆ ತುಂಬುವುದಿಲ್ಲ. ಆಹಾರ ಭದ್ರತೆಯ ಲೆಕ್ಕವನ್ನು ಪಿಷ್ಟ, ಪ್ರೋಟೀನು, ಎಣ್ಣೆ, ಸೊಪ್ಪು ತರಕಾರಿ ಎಂದು ಬೇರೆ ಬೇರೆಯಾಗಿ ಹಾಕಬೇಕು. ಲಕ್ಷದ್ವೀಪದ ಸ್ಥಿತಿ ವಿಶೇಷವಾದದ್ದು: ಎಣ್ಣೆಗೆ ತೆಂಗಿದೆ, ಪ್ರೋಟೀನಿಗೆ ಸೂರೆ ಮೀನಿದೆ. ಕೊರತೆ ಇರುವುದು ಪಿಷ್ಟಕ್ಕೆ ಮತ್ತು ಹಸಿರಿಗೆ. ಅವೆರಡಕ್ಕೂ ಮದ್ದು ಒಂದೇ ಅಲ್ಲ.

ವೈಟ್‌ಫೀಲ್ಡ್ ಎಂಜಿನಿಯರ್ (ಭಾನುವಾರ, ಬೆಳಿಗ್ಗೆ 9.20)

ಸೌರವಿದ್ಯುತ್ ಇದೆಯಲ್ಲ? ಡೀಸೆಲ್ಲೇ ಶಾಶ್ವತವೆಂದು ಏಕೆ ಭಾವಿಸಬೇಕು?

ಹೆಸರಘಟ್ಟದ ಹಾದಿ (ಭಾನುವಾರ, ಬೆಳಿಗ್ಗೆ 9.31)

ಸೂರ್ಯನ ಬೆಳಕನ್ನು ಫಲಕದಲ್ಲಿ ಹಿಡಿದು, ಬ್ಯಾಟರಿಯಲ್ಲಿ ಕೂಡಿಟ್ಟು, ಮತ್ತೆ ದೀಪದ ಬೆಳಕು ಮಾಡಿ ಗಿಡಕ್ಕೆ ಕೊಡುವುದಕ್ಕೆ, ಗಿಡಕ್ಕೆ ಸಿಗುವ ಪ್ರತಿ ಪಾಲಿಗೂ ಹಲವು ಪಾಲು ಬೆಳಕು ಖರ್ಚಾಗುತ್ತದೆ. ಫಲಕ ಹಾಸುವುದಕ್ಕೂ ನೆಲ ಬೇಕು. ಆ ವಿದ್ಯುತ್ತನ್ನು ಮೀನು ಕೆಡದಂತೆ ಇಡುವ ಶೀತಲ ಕೋಣೆಗೆ ಕೊಡಲಿ, ಅದು ಸಾರ್ಥಕ.

ಬಂದರುಮನೆ (ಭಾನುವಾರ, ಬೆಳಿಗ್ಗೆ 10.10)

ನಾನು ಈಗ ರಾಜಾಜಿನಗರದಲ್ಲಿದ್ದರೂ ಹುಟ್ಟಿದ್ದು ಮಂಗಳೂರಿನ ಹಳೆ ಬಂದರಿನ ಬಳಿ. ಲಕ್ಷದ್ವೀಪಕ್ಕೆ ನಮ್ಮೂರಿನ ಧಕ್ಕೆಯಿಂದ ಮಂಜಿಗಳು ಹೋಗುತ್ತವೆ. ಅಕ್ಕಿ, ಈರುಳ್ಳಿ, ತರಕಾರಿ, ಕೋಳಿ, ಸಿಮೆಂಟು, ಜಲ್ಲಿಕಲ್ಲು, ಎಲ್ಲವನ್ನೂ ಮರದ ಆ ಹಡಗಿನ ಹೊಟ್ಟೆಗೆ ತುಂಬುವುದನ್ನು ನೋಡಿಕೊಂಡೇ ಬೆಳೆದವನು ನಾನು. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಂಜಿ ಹೊರಡುವುದಿಲ್ಲ. ಆದ್ದರಿಂದ ಏಪ್ರಿಲ್ ಬಂತೆಂದರೆ ಬಂದರಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನಮ್ಮ ಅಜ್ಜನ ಅಂಗಡಿಯಲ್ಲಿ ಆ ತಿಂಗಳು ರಾತ್ರಿ ಹನ್ನೊಂದಕ್ಕೂ ತೂಕದ ಕಲ್ಲು ಇಳಿಯುತ್ತಿರಲಿಲ್ಲ.

ಈ ನಂಟು ಬಹಳ ಹಳೆಯದು. ಅಮಿನಿ, ಕದ್ಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ, ಅಂದರೆ ಅಮಿನ್‌ದಿವಿ ಗುಂಪಿನ ದ್ವೀಪಗಳು, 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಡಳಿತಕ್ಕೆ ಬಂದು, 1799ರ ಬಳಿಕ ಬ್ರಿಟಿಷರ ಕೈಸೇರಿ, 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವ ತನಕ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಆಗ ದ್ವೀಪದವರು ಹೊಸೆದ ತೆಂಗಿನ ಹುರಿಯನ್ನು ಸರ್ಕಾರವೇ ಕೊಳ್ಳುತ್ತಿತ್ತು, ಬದಲಿಗೆ ಅಕ್ಕಿ ಕೊಡುತ್ತಿತ್ತು. ಹುರಿಯ ಬೆಲೆಯನ್ನೂ ಅಕ್ಕಿಯ ಬೆಲೆಯನ್ನೂ ಕಟ್ಟುವವರು ಒಬ್ಬರೇ ಆಗಿದ್ದರಿಂದ ದ್ವೀಪದವರ ಮಾತಿಗೆ ಎಡೆ ಇರಲಿಲ್ಲ. ಸರ್ಕಾರದ ಯೋಜನೆ ಎಂಬ ಮಾತು ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಅಕ್ಕಿ ತಲುಪಿದ ಮಾತ್ರಕ್ಕೆ ಯೋಜನೆ ನ್ಯಾಯವಾಗಿತ್ತು ಎನ್ನಲಾಗದು.

ಮಲ್ಲೇಶ್ವರದ ಓದುಗ (ಭಾನುವಾರ, ಬೆಳಿಗ್ಗೆ 10.26)

ಅಮಿನ್‌ದಿವಿ ನಮ್ಮ ಜಿಲ್ಲೆಗೆ ಸೇರಿತ್ತೆಂಬುದು ನನಗೆ ಇಂದೇ ತಿಳಿಯಿತು. ಧನ್ಯವಾದಗಳು.

ಅಘನಾಶಿನಿ ತೀರ (ಭಾನುವಾರ, ಬೆಳಿಗ್ಗೆ 11.05)

ಪಿಷ್ಟದ ಮಾತು ಬಂದದ್ದರಿಂದ ಹೇಳುತ್ತೇನೆ. ನಾನು ಕುಮಟಾ ಕಡೆಯವಳು. ನಮ್ಮ ಅಘನಾಶಿನಿಯ ಅಳಿವೆಯಲ್ಲಿ, ಮಾಣಿಕಟ್ಟಾ ಸುತ್ತಿನ ಗಜನಿ ಭೂಮಿಯಲ್ಲಿ, ಕಗ್ಗ ಎಂಬ ಭತ್ತವಿದೆ. ಕಡಲ ಭರತದ, ಅಂದರೆ ಉಬ್ಬರದ, ಉಪ್ಪುನೀರು ನುಗ್ಗಿದರೂ ಸಾಯುವುದಿಲ್ಲ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ತಲೆಯೆತ್ತುತ್ತದೆ. ಗೊಬ್ಬರ ಹಾಕುವವರಿಲ್ಲ, ಔಷಧಿ ಹೊಡೆಯುವವರಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ನಮ್ಮ ಆಯಿ ಕಗ್ಗದ ಗಂಜಿಯನ್ನು ಹೊಗಳಿದಷ್ಟು ಬೇರೆ ಯಾವುದನ್ನೂ ಹೊಗಳಿದವಳಲ್ಲ. ಇಂಥ ಬೀಜ ನಮ್ಮ ಕೈಯಲ್ಲಿರುವಾಗ ದ್ವೀಪದ ಭತ್ತಕ್ಕೆ ಅದನ್ನೇಕೆ ಯೋಚಿಸಬಾರದು?

ಅಂತರ್ಜಲ ಓದಿದವನು (ಭಾನುವಾರ, ಬೆಳಿಗ್ಗೆ 11.48)

ಮೇಡಂ, ಕಗ್ಗದ ಬಗ್ಗೆ ನೀವು ಹೇಳಿದ್ದೆಲ್ಲ ನಿಜ, ಆದರೆ ಕವರತ್ತಿಯಲ್ಲಿ ಅದು ನಿಲ್ಲದು. ಗಜನಿಯ ನೆಲ ನದಿ ತಂದ ಕೆಸರು, ನೀರನ್ನು ಹಿಡಿದಿಡುತ್ತದೆ. ಲಕ್ಷದ್ವೀಪದ ನೆಲ ಹವಳದ ಮರಳು. ಗದ್ದೆಯಲ್ಲಿ ನೀರು ನಿಲ್ಲುವ ಮಾತೇ ಇಲ್ಲ, ಸುರಿದ ಮಳೆ ಕ್ಷಣದಲ್ಲಿ ಇಂಗುತ್ತದೆ. ಅಲ್ಲಿ ನದಿಯೂ ಇಲ್ಲ, ತೊರೆಯೂ ಇಲ್ಲ. ಇಂಗಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತಾ, ಮಸೂರದ ಆಕಾರದ ಸಿಹಿನೀರಿನ ತೆಳು ಪದರವಾಗಿ ಉಳಿಯುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಸ್ವಲ್ಪವೇ ಹಗುರವಾದ್ದರಿಂದ, ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಇರುತ್ತದೆಂಬುದು ಪುಸ್ತಕದ ಲೆಕ್ಕ. ಈ ಲೆಕ್ಕವೇ ಅಪಾಯವನ್ನೂ ಹೇಳುತ್ತದೆ: ಮೋಟಾರು ಹಾಕಿ ಮೇಲಿನ ಮಟ್ಟವನ್ನು ಅರ್ಧ ಅಡಿ ಇಳಿಸಿದರೆ, ಕೆಳಗಿನಿಂದ ಉಪ್ಪುನೀರು ಇಪ್ಪತ್ತು ಅಡಿ ಮೇಲೇರಲು ದಾರಿ ಮಾಡಿದಂತೆ. ಹವಳದ ಸಣ್ಣ ದ್ವೀಪದಲ್ಲಿ ಈ ಪದರ ಪುಸ್ತಕದಲ್ಲಿರುವುದಕ್ಕಿಂತಲೂ ತೆಳ್ಳಗಿರುತ್ತದೆ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ಎಷ್ಟೋ ಮಳೆಗಾಲ ಬೇಕಾಗುತ್ತದೆ.

ಆದ್ದರಿಂದ ಅಲ್ಲಿ ಕೃಷಿಯ ಯೋಜನೆ ಎಂದರೆ ಮೊದಲು ನೀರಿನ ಯೋಜನೆ. ಕವರತ್ತಿಯಲ್ಲಿ 2005ರಿಂದ ದಿನಕ್ಕೆ ಒಂದು ಲಕ್ಷ ಲೀಟರು ಕುಡಿಯುವ ನೀರು ಕೊಡುವ ಘಟಕವಿದೆ. ಆಳ ಸಮುದ್ರದ ತಣ್ಣೀರಿಗೂ ಮೇಲಿನ ಬಿಸಿನೀರಿಗೂ ಇರುವ ವ್ಯತ್ಯಾಸವನ್ನು ಬಳಸುವ ವಿಧಾನ ಅದು; ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟಿದ್ದು. ಆ ನೀರು ಕುಡಿಯಲಿಕ್ಕೆ, ತೋಟಕ್ಕಲ್ಲ. ತೋಟಕ್ಕೆ ಛಾವಣಿಯ ಮಳೆನೀರು ಮತ್ತು ಪಾತ್ರೆ ತೊಳೆದ ನೀರು, ಅಷ್ಟೇ. ಬಾವಿಗೆ ಮೋಟಾರು ಇಳಿಸುವ ಯಾವ ಕೃಷಿ ಯೋಜನೆಯನ್ನೂ ನಾನು ಒಪ್ಪಲಾರೆ.

ಅಘನಾಶಿನಿ ತೀರ (ಭಾನುವಾರ, ಮಧ್ಯಾಹ್ನ 12.10)

ಹವಳದ ನೆಲದ ಮಾತನ್ನು ಒಪ್ಪುತ್ತೇನೆ, ಮರಳಿನಲ್ಲಿ ಗದ್ದೆ ಆಗದು. ಆದರೆ ಎಲ್ಲ ದ್ವೀಪವೂ ಹವಳದ್ದಲ್ಲವಲ್ಲ. ಅಂಡಮಾನಿನಲ್ಲಿ ಬೆಟ್ಟವಿದೆ, ಕಣಿವೆಯಿದೆ, ದೇಶವಿಭಜನೆಯ ಬಳಿಕ ಅಲ್ಲಿ ನೆಲೆ ಕಂಡ ಬಂಗಾಳದ ಕುಟುಂಬಗಳು ಮಾಡಿದ ಭತ್ತದ ಗದ್ದೆಗಳಿವೆ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ದಕ್ಷಿಣ ಅಂಡಮಾನಿನ ಎಷ್ಟೋ ಗದ್ದೆಗಳಿಗೆ ಉಪ್ಪುನೀರು ನುಗ್ಗಿ, ನೆಲವೇ ತಗ್ಗಿದ ಕಡೆ ನೀರು ಮರಳಿ ಹೋಗಲೂ ಇಲ್ಲ. ಕಗ್ಗ, ಕೇರಳದ ಪೊಕ್ಕಾಳಿ ಇಂಥವು ಅಂಥ ಕಡೆಗೆ.

ಹೆಸರಘಟ್ಟದ ಹಾದಿ (ಭಾನುವಾರ, ಮಧ್ಯಾಹ್ನ 12.40)

ಹೌದು, ಅಂಡಮಾನಿನಲ್ಲಿ ಆ ಕೆಲಸ ನಡೆದಿದೆ. 1978ರಲ್ಲಿ ಪೋರ್ಟ್ ಬ್ಲೇರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಕೃಷಿ ಸಂಶೋಧನಾ ಸಂಸ್ಥೆ ಉಪ್ಪು ತಾಳುವ ಭತ್ತದ ತಳಿಗಳನ್ನು ಬಿಡುಗಡೆ ಮಾಡಿತು. ಅದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು, ತಗ್ಗು ಗದ್ದೆಯಲ್ಲಿ ಅಗಲವಾದ ಏರುಮಡಿ ಕಟ್ಟಿ, ನಡುವೆ ಆಳವಾದ ಕಾಲುವೆ ಬಿಡುವ ಪದ್ಧತಿ. ಮಡಿಯ ಮೇಲಿನ ಉಪ್ಪನ್ನು ಮಳೆ ತೊಳೆಯುತ್ತದೆ, ಅಲ್ಲಿ ಬೆಂಡೆ, ಬದನೆ, ಸೊಪ್ಪು ಬರುತ್ತದೆ. ಕಾಲುವೆಯಲ್ಲಿ ನೀರು ನಿಂತು ಭತ್ತ ಅಥವಾ ಮೀನು ಬರುತ್ತದೆ. ಹೊರಗಿನಿಂದ ಏನನ್ನೂ ತರಿಸದೆ, ಇದ್ದ ಮಣ್ಣನ್ನೇ ಏರಿಸಿ ಇಳಿಸಿ ಮಾಡಿದ ಉಪಾಯವಿದು.

ಬನಶಂಕರಿ ಸಾವಯವ (ಭಾನುವಾರ, ಮಧ್ಯಾಹ್ನ 2.15)

ಕ್ಯೂಬಾದ ಉದಾಹರಣೆಯನ್ನು ಯಾರೂ ಎತ್ತದಿರುವುದು ನನಗೆ ಆಶ್ಚರ್ಯ ತಂದಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಆ ದ್ವೀಪಕ್ಕೆ ಎಣ್ಣೆ, ಗೊಬ್ಬರ, ಟ್ರ್ಯಾಕ್ಟರಿನ ಬಿಡಿಭಾಗ, ಎಲ್ಲವೂ ಒಮ್ಮೆಲೇ ನಿಂತವು. ಜನ ಹವಾನಾ ನಗರದ ಖಾಲಿ ನಿವೇಶನಗಳಲ್ಲಿ ಕಾಂಪೋಸ್ಟು ತುಂಬಿದ ಮಡಿ ಕಟ್ಟಿ ತರಕಾರಿ ಬೆಳೆದರು, ಟ್ರ್ಯಾಕ್ಟರು ನಿಂತಲ್ಲಿ ಎತ್ತು ಕಟ್ಟಿದರು. ಸರ್ಕಾರ ನಿವೇಶನ ಕೊಟ್ಟಿತು, ಬೀಜ ಕೊಟ್ಟಿತು, ಬೆಳೆದವರಿಗೆ ಮಾರುವ ಹಕ್ಕು ಕೊಟ್ಟಿತು. ಮನಸ್ಸು ಮಾಡಿದರೆ ದ್ವೀಪವೊಂದು ರಾಸಾಯನಿಕವಿಲ್ಲದೆ ತನ್ನನ್ನು ತಾನು ಸಾಕಿಕೊಳ್ಳಬಲ್ಲದು. ಲಕ್ಷದ್ವೀಪವನ್ನು 2020ರಲ್ಲಿಯೇ ಪೂರ್ತಿ ಸಾವಯವ ಪ್ರದೇಶವೆಂದು ಘೋಷಿಸಲಾಗಿದೆ. ದಾರಿ ಸಿದ್ಧವಾಗಿದೆ, ನಡೆಯಬೇಕಷ್ಟೆ.

ಶಿವಾಜಿನಗರ ವರ್ತಕ (ಭಾನುವಾರ, ಮಧ್ಯಾಹ್ನ 2.50)

ಸಾಕಿಕೊಳ್ಳಬಲ್ಲದು ಎಂಬ ಮಾತನ್ನು ಒಪ್ಪಲಾರೆ. ಕ್ಯೂಬಾದ ತರಕಾರಿ ತೋಟಗಳು ದೊಡ್ಡ ಸಾಧನೆ, ಸಂದೇಹವಿಲ್ಲ. ಆದರೆ ಆ ದೇಶ ಇಂದಿಗೂ ತಿನ್ನುವ ಆಹಾರದಲ್ಲಿ ಹೆಚ್ಚಿನ ಪಾಲನ್ನು ಹೊರಗಿನಿಂದಲೇ ತರಿಸುತ್ತದೆ. 1962ರಲ್ಲಿ ಆರಂಭವಾದ ಪಡಿತರ ಪುಸ್ತಕವೂ ಇನ್ನೂ ಅಲ್ಲಿನ ಮನೆಗಳಿಂದ ಹೋಗಿಲ್ಲ.

ಇನ್ನು ಘೋಷಣೆಯ ಮಾತು. ನಮ್ಮ ಪಕ್ಕದ ಶ್ರೀಲಂಕಾ 2021ರ ಮೇ ತಿಂಗಳಿನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ರಾತ್ರೋರಾತ್ರಿ ನಿಲ್ಲಿಸಿತು. ರೈತರಿಗೆ ಕೊಡಲು ಸಾಕಷ್ಟು ಸಾವಯವ ಗೊಬ್ಬರ ಸಿದ್ಧವಿರಲಿಲ್ಲ, ಕಲಿಸುವ ಏರ್ಪಾಡೂ ಇರಲಿಲ್ಲ. ಭತ್ತ ಕುಸಿಯಿತು, ಚಹಾ ಕುಸಿಯಿತು. ಅದೇ ನವೆಂಬರಿನಲ್ಲಿ ನಿಷೇಧವನ್ನು ಹಿಂದಕ್ಕೆ ಪಡೆದರೂ ಆ ಹಂಗಾಮು ಕೈತಪ್ಪಿ ಹೋಗಿತ್ತು. ಅಕ್ಕಿಯಲ್ಲಿ ಬಹುಮಟ್ಟಿಗೆ ಸ್ವಾವಲಂಬಿಯಾಗಿದ್ದ ದ್ವೀಪ ಮರುವರ್ಷ ಅಕ್ಕಿಗೂ ಗೊಬ್ಬರಕ್ಕೂ ನೆರೆಯವರ ಸಾಲವನ್ನು ಆಶ್ರಯಿಸಬೇಕಾಯಿತು. ನನ್ನ ಹೆಂಡತಿಯ ತಮ್ಮ ಆಗ ಕೊಲಂಬೊದಲ್ಲಿದ್ದ. ಒಂದು ಗ್ಯಾಸ್ ಸಿಲಿಂಡರಿಗಾಗಿ ಎರಡು ದಿನ ಸಾಲಿನಲ್ಲಿ ನಿಂತದ್ದನ್ನು ಇವತ್ತಿಗೂ ಹೇಳುತ್ತಾನೆ.

ಬನಶಂಕರಿ ಸಾವಯವ (ಭಾನುವಾರ, ಮಧ್ಯಾಹ್ನ 3.20)

ಶ್ರೀಲಂಕಾದಲ್ಲಿ ಸೋತದ್ದು ಅವಸರ, ಸಾವಯವವಲ್ಲ. ಗೊಬ್ಬರ ಸುರಿದು ಬೆಳೆಯುತ್ತಿದ್ದ ಲಕ್ಷಾಂತರ ಎಕರೆ ಭತ್ತಕ್ಕೂ, ಮೊದಲಿನಿಂದಲೂ ಗೊಬ್ಬರ ಕಾಣದ ಲಕ್ಷದ್ವೀಪದ ತೆಂಗಿಗೂ ಹೋಲಿಕೆ ಸಲ್ಲದು. ಅಲ್ಲಿ ಯೂರಿಯಾ ಹಾಕಿದರೆ ಅದು ಮರಳಿನಲ್ಲಿ ನೇರವಾಗಿ ಇಳಿದು ಕುಡಿಯುವ ಬಾವಿಯನ್ನೇ ಸೇರುತ್ತದೆ. ಕ್ಯೂಬಾದ ವಿಷಯದಲ್ಲಿ ನಾನು ಹೆಚ್ಚು ಹೇಳಿದೆನೆಂಬುದನ್ನು ಮಾತ್ರ ಒಪ್ಪುತ್ತೇನೆ. ತರಕಾರಿಗೆ ಅದು ಮಾದರಿ, ಧಾನ್ಯಕ್ಕಲ್ಲ.

ಶಿವಾಜಿನಗರ ವರ್ತಕ (ಭಾನುವಾರ, ಮಧ್ಯಾಹ್ನ 3.28)

ಅಷ್ಟು ಹೇಳಿದರೆ ನನ್ನ ತಕರಾರಿಲ್ಲ.

ಹಗೇವಿನ ಮನೆ (ಭಾನುವಾರ, ಸಂಜೆ 4.45)

ಬೆಳೆಯುವ ಮಾತೇ ಬಹಳವಾಯಿತು, ಕೂಡಿಡುವ ಮಾತನ್ನು ಯಾರೂ ಆಡುತ್ತಿಲ್ಲ. ನಮ್ಮದು ಕೋಲಾರದ ಕಡೆ. ನಮ್ಮ ತಾತನ ಕಾಲದಲ್ಲಿ ಮನೆಯ ಮುಂದೆ ಹಗೇವು ಇತ್ತು. ನೆಲದೊಳಗೆ ರಾಗಿ ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳು ಬೀಳುತ್ತಿರಲಿಲ್ಲ. ತೆಗೆಯುವ ದಿನ ಒಳಗೆ ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕೆಂಬ ಕಟ್ಟಳೆಯಿತ್ತು. ಬಯಲುಸೀಮೆಯಲ್ಲಿ ಮಳೆ ಬಾರದ ವರ್ಷ ನಾವೂ ಒಂದು ಬಗೆಯಲ್ಲಿ ದ್ವೀಪವಾಗಿದ್ದೆವು, ಹಗೇವೇ ನಮ್ಮನ್ನು ದಾಟಿಸಿತು.

ಸಿಂಗಪುರದ ನಿಜವಾದ ಬಲ ಕಂಟೇನರಿನ ಲೆಟ್ಯೂಸಿನಲ್ಲಿಲ್ಲ. ಅಲ್ಲಿ ಅಕ್ಕಿ ತರಿಸುವ ವರ್ತಕರು ತಮ್ಮ ಒಂದು ತಿಂಗಳ ಆಮದಿನ ಎರಡರಷ್ಟನ್ನು ಸದಾ ಉಗ್ರಾಣದಲ್ಲಿ ಇಟ್ಟಿರಬೇಕೆಂದು ಕಾನೂನಿದೆ. ತರಿಸುವುದನ್ನೂ ಒಂದೇ ದೇಶದಿಂದ ತರಿಸುವುದಿಲ್ಲ. 2022ರ ಜೂನಿನಲ್ಲಿ ಮಲೇಷ್ಯಾ ಕೋಳಿಯ ರಫ್ತು ನಿಲ್ಲಿಸಿದಾಗ, ಸಿಂಗಪುರದ ಕೋಳಿಯಲ್ಲಿ ಮೂರನೇ ಒಂದು ಪಾಲು ಅಲ್ಲಿಂದಲೇ ಬರುತ್ತಿದ್ದರೂ, ಬೇರೆ ದೇಶಗಳ ಶೀತಲೀಕರಿಸಿದ ಕೋಳಿಯಿಂದ ದಾಟಿಕೊಂಡರು. ಮಾಲ್ಡೀವ್ಸ್ ಮತ್ತೊಂದು ದಾರಿ ಹಿಡಿದಿದೆ. 1981ರ ವ್ಯಾಪಾರ ಒಪ್ಪಂದದಂತೆ ಭಾರತ ಅವರಿಗೆ ಅಕ್ಕಿ, ಗೋಧಿಹಿಟ್ಟು, ಸಕ್ಕರೆ, ಈರುಳ್ಳಿ, ಆಲೂಗಡ್ಡೆ, ಮೊಟ್ಟೆಗಳನ್ನು ಗೊತ್ತಾದ ಪ್ರಮಾಣದಲ್ಲಿ ಕೊಡುತ್ತದೆ. ನಮ್ಮಲ್ಲೇ ಈರುಳ್ಳಿಗೆ ಬರ ಬಂದು ರಫ್ತು ನಿಂತ ವರ್ಷಗಳಲ್ಲೂ ಅವರ ಪಾಲು ನಿಂತಿಲ್ಲ. ಬರೆದಿಟ್ಟ ಮಾತಿಗೆ ಇರುವ ಬೆಲೆ ಅದು.

ಅಂತರ್ಜಲ ಓದಿದವನು (ಭಾನುವಾರ, ಸಂಜೆ 5.05)

ಮಾಲ್ಡೀವ್ಸ್ ಎಂದಾಗ ನೆನಪಾಯಿತು. 2014ರ ಡಿಸೆಂಬರಿನಲ್ಲಿ ಮಾಲೆ ನಗರದ ನೀರು ಶುದ್ಧೀಕರಣ ಘಟಕಕ್ಕೆ ಬೆಂಕಿ ತಗುಲಿ, ಭಾರತದಿಂದ ವಿಮಾನದಲ್ಲಿಯೂ ನೌಕೆಯಲ್ಲಿಯೂ ಕುಡಿಯುವ ನೀರು ಕಳುಹಿಸಬೇಕಾಯಿತು. ಇಡೀ ಊರಿಗೆ ಒಂದೇ ಆಸರೆ ಇಟ್ಟುಕೊಂಡರೆ ಹೀಗಾಗುತ್ತದೆ. ದಾಸ್ತಾನಿನಲ್ಲಿ ನೀರನ್ನೂ ಎಣಿಸಬೇಕು.

ಪುತ್ತೂರಿನ ಸೊಸೆ (ಭಾನುವಾರ, ಸಂಜೆ 6.30)

ಜಯನಗರದವರೇ, ಪಕ್ಕದ ಮನೆಯ ತಾಯಿ ಕೊಟ್ಟ ಆ ಕಾಯಿ ಜೀಗುಜ್ಜೆ. ಗ್ರಂಥಗಳಲ್ಲಿ ದೀವಿಹಲಸು ಎನ್ನುತ್ತಾರೆ. ದೀವಿ ಎಂದರೆ ದ್ವೀಪವೇ, ಹೆಸರಿನಲ್ಲೇ ಊರು ಹೇಳಿಕೊಂಡು ಬಂದ ಮರ ಅದು. ನಮ್ಮ ಮನೆಗಳಲ್ಲಿ ಮಳೆಗಾಲ ಬಂದರೆ ಜೀಗುಜ್ಜೆಯ ಪೋಡಿ, ಹುಳಿ, ಪಲ್ಯ. ಬೆಂಗಳೂರಿಗೆ ಮದುವೆಯಾಗಿ ಬಂದ ಮೇಲೆ ನಾನು ಮಾರುಕಟ್ಟೆಯಲ್ಲಿ ಹುಡುಕಿ ಹುಡುಕಿ ಸೋತಿದ್ದೇನೆ.

ಇದನ್ನು ಬಾಯಿಚಪಲಕ್ಕೆ ಹೇಳುತ್ತಿಲ್ಲ. ನೀವೆಲ್ಲ ಹುಡುಕುತ್ತಿರುವ ಪಿಷ್ಟ ಇದೇ. ಪೆಸಿಫಿಕ್ ದ್ವೀಪಗಳಲ್ಲಿ ಇದು ಅನ್ನದ ಜಾಗದಲ್ಲಿದೆ. ಉಳಬೇಕಿಲ್ಲ, ಪ್ರತಿವರ್ಷ ಬಿತ್ತಬೇಕಿಲ್ಲ, ಬೇರು ಹಿಡಿದು ಬೆಳೆದ ಮೇಲೆ ನೀರೂ ಬೇಡ. ತೆಂಗಿನ ನಡುವೆ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಂಜಿಯ ಓಡಾಟ ನಿಂತ ತಿಂಗಳುಗಳಲ್ಲೇ ಕಾಯಿ ಬಿಡುತ್ತದೆ. ಕೊಯ್ದ ಮೇಲೆ ಎರಡು ಮೂರು ದಿನಕ್ಕೇ ಮೆತ್ತಗಾಗುವುದೊಂದು ದೋಷ. ಅದಕ್ಕೆ ಹೆಚ್ಚಿ ಒಣಗಿಸಿ ಹಿಟ್ಟು ಮಾಡಿಡಬೇಕು, ಇಲ್ಲವೇ ಎಣ್ಣೆಯಲ್ಲಿ ಕರಿದು ಡಬ್ಬಿಗೆ ತುಂಬಬೇಕು. ಅಲ್ಲಿ ತೆಂಗಿನೆಣ್ಣೆಗೇನು ಕೊರತೆ?

ಬಂದರುಮನೆ (ಭಾನುವಾರ, ಸಂಜೆ 6.48)

ಅಕ್ಕ, ಸರಿಯಾಗಿ ಹೇಳಿದಿರಿ. ಮಾಸ್ ಎಂಬ ಒಣ ಸೂರೆಯೂ ಇದೇ ಬುದ್ಧಿಯಿಂದ ಹುಟ್ಟಿದ್ದು. ಗಾಳದಿಂದ ಒಂದೊಂದಾಗಿ ಹಿಡಿದ ಸೂರೆಯನ್ನು ಸೀಳಿ, ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆಗೆ ಹಿಡಿದು, ಬಿಸಿಲಿಗೆ ಒಣಗಿಸಿದರೆ ಕಟ್ಟಿಗೆಯಂತೆ ಗಟ್ಟಿಯಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ದೋಣಿ ಇಳಿಯದ ಮಳೆಗಾಲಕ್ಕೆ ಅದೇ ಬುತ್ತಿ. ಸರ್ಕಾರ ಹೊಸದೇನನ್ನೋ ಹುಡುಕುವ ಮೊದಲು ಮಾಸ್ ಕಾಯಿಸುವ ಮನೆಗಳಿಗೆ ಒಳ್ಳೆಯ ಒಣಗುಮನೆಯನ್ನೂ ನ್ಯಾಯವಾದ ಬೆಲೆಯನ್ನೂ ಕೊಡಲಿ.

ಯಲಹಂಕದ ತೋಟಗಾರ್ತಿ (ಭಾನುವಾರ, ರಾತ್ರಿ 7.40)

ಗೆಡ್ಡೆಗಳನ್ನೂ ಮರೆಯಬೇಡಿ. ಪೆಸಿಫಿಕ್ಕಿನ ಟುವಾಲು ದ್ವೀಪದವರು ಹವಳದ ನೆಲದಲ್ಲಿ ಸಿಹಿನೀರಿನ ಪದರ ಸಿಗುವ ತನಕ ಗುಂಡಿ ತೋಡಿ, ಎಲೆಗೊಬ್ಬರ ತುಂಬಿ, ಪುಲಾಕ ಎಂಬ ದೈತ್ಯ ಕೆಸುವನ್ನು ತಲೆಮಾರುಗಳಿಂದ ಬೆಳೆದಿದ್ದಾರೆ. ಸಮುದ್ರ ಏರುತ್ತಿರುವುದರಿಂದ ಈಗ ಆ ಗುಂಡಿಗಳಿಗೆ ಉಪ್ಪುನೀರು ನುಗ್ಗುತ್ತಿದೆ ಎಂಬುದು ಸಂಕಟದ ಸಂಗತಿ. ಆದ್ದರಿಂದ ಇಂದು ಅದೇ ಕೆಲಸವನ್ನು ನೆಲದ ಮೇಲೆ, ಏರುಮಡಿಯಲ್ಲಿ ಮಾಡುವುದು ಲೇಸು.

ಆಡಳಿತ ಗಮನಿಸುವವ (ಭಾನುವಾರ, ರಾತ್ರಿ 8.25)

ಯೋಜನೆಯನ್ನು ಯಾರು ಮಾಡುತ್ತಾರೆಂಬುದೂ ಇಲ್ಲಿ ಚರ್ಚೆಯಾಗಬೇಕು. ಲಕ್ಷದ್ವೀಪದ ಆಡಳಿತ 2021ರ ಮೇ ತಿಂಗಳಿನಲ್ಲಿ ತಾನೇ ನಡೆಸುತ್ತಿದ್ದ ಹಾಲಿನ ಡೇರಿಗಳನ್ನು ಮುಚ್ಚಲು ಆದೇಶಿಸಿತು, ಶಾಲೆಯ ಬಿಸಿಯೂಟದಿಂದ ಮಾಂಸವನ್ನು ಕೈಬಿಟ್ಟಿತು. ಮೀನು, ಮೊಟ್ಟೆ ಉಳಿದವು. ಕೇರಳ ಹೈಕೋರ್ಟು ತಡೆ ನೀಡಿತು, ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದು ಆಡಳಿತದ ನೀತಿಗೆ ಬಿಟ್ಟ ವಿಷಯವೆಂದು ಅರ್ಜಿಯನ್ನು ವಜಾ ಮಾಡಿತು. ಕಾನೂನಿನ ತೀರ್ಮಾನ ಹಾಗಿರಲಿ. ಸಾವಯವ ಪ್ರದೇಶವೆಂದು ಘೋಷಿಸಿದ ನೆಲದಲ್ಲಿ ಹಸುವೆಂದರೆ ಹಾಲು ಮಾತ್ರವಲ್ಲ, ಸಗಣಿ ಗೊಬ್ಬರವೂ ಹೌದು. ಒಂದು ಇಲಾಖೆ ಕಟ್ಟಿದ್ದನ್ನು ಇನ್ನೊಂದು ಇಲಾಖೆ ತಿಳಿಯದೆಯೇ ಕೆಡವುತ್ತದೆ. ದ್ವೀಪದವರ ಪಂಚಾಯತಿಯನ್ನು ಕೇಳಿ ಮಾಡಿದ್ದರೆ ಇದು ಮೊದಲ ದಿನವೇ ಯಾರ ಬಾಯಿಯಿಂದಲಾದರೂ ಬರುತ್ತಿತ್ತು.

ಮಲ್ಲೇಶ್ವರದ ಓದುಗ (ಭಾನುವಾರ, ರಾತ್ರಿ 8.40)

ನಷ್ಟದಲ್ಲಿರುವ ಡೇರಿಯನ್ನು ಸರ್ಕಾರ ಎಷ್ಟು ಕಾಲ ನಡೆಸಬೇಕು ಎಂಬ ಪ್ರಶ್ನೆಯೂ ಇದೆಯಲ್ಲವೇ?

ಆಡಳಿತ ಗಮನಿಸುವವ (ಭಾನುವಾರ, ರಾತ್ರಿ 8.52)

ಇದೆ. ಆದರೆ ಆ ಲೆಕ್ಕದಲ್ಲಿ ಹಡಗು ಬಾರದ ದಿನ ಎಳೆಯ ಮಗುವಿಗೆ ಸಿಕ್ಕ ಹಸಿ ಹಾಲಿನ ಬೆಲೆಯನ್ನೂ ಬರೆಯಬೇಕು.

ಶರಾವತಿ ಹಿನ್ನೀರು (ಭಾನುವಾರ, ರಾತ್ರಿ 9.30)

ಬೆಳಗಿನಿಂದ ಓದುತ್ತಿದ್ದೇನೆ. ನಾನು ತುಮರಿ ಕಡೆಯವನು, ಈಗ ಪೀಣ್ಯದಲ್ಲಿ ಕೆಲಸ. ನಾವು ಹುಟ್ಟಾ ದ್ವೀಪದವರಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾಗಿ ನೀರು ಏರಿದಾಗ ನಮ್ಮ ಹಿರಿಯರು ದ್ವೀಪದವರಾದರು. ಅಡಿಕೆ, ಭತ್ತ, ಬಾಳೆ ಎಲ್ಲ ಬೆಳೆಯುತ್ತೇವೆ. ಹಸಿವಿನಿಂದ ಯಾರೂ ಸತ್ತಿಲ್ಲ. ಆದರೆ ಸಾಗರದ ಮಾರುಕಟ್ಟೆಗೆ ಒಯ್ಯಬೇಕಾದ ಬಾಳೆಗೊನೆ ಲಾಂಚಿಗೆ ಕಾದು ಕಪ್ಪಾದದ್ದನ್ನು ಕಂಡಿದ್ದೇನೆ. ಪಡಿತರದ ಲಾರಿ ದಡದಲ್ಲೇ ನಿಂತದ್ದನ್ನೂ, ಬೇಸಿಗೆಯಲ್ಲಿ ನೀರು ಇಳಿದು ಲಾಂಚು ತಳ ತಾಗಿದ್ದನ್ನೂ ಕಂಡಿದ್ದೇನೆ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ತೆರೆದ ದಿನ ಅಪ್ಪಯ್ಯ ನಡೆದುಕೊಂಡೇ ಆಚೆ ದಡಕ್ಕೆ ಹೋಗಿ ಬಂದರು. ಆರು ದಶಕ ಕಾದೆವು. ಲಕ್ಷದ್ವೀಪಕ್ಕೆ ಸೇತುವೆ ಕಟ್ಟಲಾಗದು. ಹಾಗಾಗಿ ಹಡಗಿನ ವೇಳಾಪಟ್ಟಿಯೇ ಅವರ ಸೇತುವೆ. ಯಾತ್ರಿಕರ ಹಡಗಿನಲ್ಲಿ ತರಕಾರಿಗೆ ಇಷ್ಟು ಜಾಗ ಮೀಸಲು, ಇಷ್ಟು ದಿನಕ್ಕೊಮ್ಮೆ ಖಂಡಿತ ಎಂದು ಬರೆದು ಕೊಡಲಿ. ಕೃಷಿ ಇಲಾಖೆಗಿಂತ ಮೊದಲು ಬಂದರು ಇಲಾಖೆಯವರನ್ನು ಕೂರಿಸಿ ಮಾತನಾಡಬೇಕು.

ಜಯನಗರ ನಿವಾಸಿ (ಭಾನುವಾರ, ರಾತ್ರಿ 10.15)

ಇಷ್ಟು ಮಂದಿ ಇಷ್ಟು ಮನಸ್ಸಿಟ್ಟು ಬರೆಯುತ್ತೀರೆಂದು ನಾನು ಎಣಿಸಿರಲಿಲ್ಲ. ಎಲ್ಲವನ್ನೂ ಮಗಳಿಗೆ ಫೋನಿನಲ್ಲಿ ಓದಿ ಹೇಳಿದೆ. ಜೀಗುಜ್ಜೆಯ ಮರ ಶಾ‌ಲೆಯ ಹಿಂದೆಯೇ ಎರಡು ಇವೆಯಂತೆ. ಬಿದ್ದ ಕಾಯಿ ಅರ್ಧಕ್ಕರ್ಧ ಕೊಳೆತು ಹೋಗುತ್ತದೆಂದಳು. ಒಣಗಿಸುವ ಕೆಲಸವನ್ನು ಮುಂದಿನ ಕಾಯಿಗೆ ಆರಂಭಿಸುತ್ತಾರೆ. ಶಾಲೆಯ ಅಂಗಳದಲ್ಲಿ ಸುಮಾರು ಮೂರು ಗುಂಟೆ ಬಿಸಿಲು ಬೀಳುವ ಜಾಗವಿದೆ, ಛಾವಣಿಯ ನೀರಿಗೆ ತೊಟ್ಟಿ ಇದೆ, ಇಲಿಯ ಕಾಟ ವಿಪರೀತವಿದೆ. ಮಂಜಿಗಳು ಓಡತೊಡಗಿದ ಮೇಲೆ ನಾನು ಇಲ್ಲಿಂದ ಏನನ್ನು ಕಳುಹಿಸಲಿ? ಲಾಲ್‌ಬಾಗಿನ ಸಸ್ಯಕ್ಷೇತ್ರದಿಂದ ಗಿಡಗಳನ್ನು ಕುಂಡದ ಸಮೇತ ಕಳುಹಿಸೋಣವೆಂದಿದ್ದೇನೆ.

ಯಲಹಂಕದ ತೋಟಗಾರ್ತಿ (ಭಾನುವಾರ, ರಾತ್ರಿ 10.50)

ದಯವಿಟ್ಟು ಕುಂಡದ ಗಿಡ ಕಳುಹಿಸಬೇಡಿ ಸರ್. ಮಣ್ಣಿನ ಜೊತೆ ಗೆದ್ದಲು, ಜಂತುಹುಳು, ಬಿಳಿನೊಣ ಎಲ್ಲವೂ ಹೋಗುತ್ತವೆ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ತೆಂಗಿನ ಮೇಲೆ ಮೊದಲು ಕಂಡ ಸುರುಳಿ ಬಿಳಿನೊಣ ಕೆಲವೇ ವರ್ಷಗಳಲ್ಲಿ ಲಕ್ಷದ್ವೀಪದ ತೆಂಗಿಗೂ ತಗುಲಿತು. ಅಲ್ಲಿನವರ ಬದುಕೇ ತೆಂಗು, ನಮ್ಮ ಪ್ರೀತಿಯಿಂದ ಅದಕ್ಕೆ ಕೇಡಾಗಬಾರದು. ಬೀಜ ಮಾತ್ರ ಕಳುಹಿಸಿ: ಹರಿವೆ, ಬಸಳೆ, ನುಗ್ಗೆ, ಅಲಸಂದೆ, ಬೆಂಡೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಬೀಜ ಮಾರಾಟ ಕೇಂದ್ರದಲ್ಲಿ ಒಳ್ಳೆಯ ತರಕಾರಿ ಬೀಜ ಸಿಗುತ್ತದೆ. ಗೆಣಸಿನ ಬಳ್ಳಿ, ಚಕ್ರಮುನಿ, ಹೊನಗೊನ್ನೆಗಳ ತುಂಡುಗಳನ್ನು ದ್ವೀಪದಲ್ಲೇ ಯಾರದಾದರೂ ಹಿತ್ತಿಲಿನಿಂದ ಪಡೆಯುವುದು ಕ್ಷೇಮ. ಮಿನಿಕಾಯ್‌ನಲ್ಲಿ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಅವರನ್ನು ಕೇಳಿಯೇ ಮುಂದುವರಿಯಲಿ.

ಮಡಿಗೆ ಕೆಳಗೆ ತೆಂಗಿನ ಸಿಪ್ಪೆಯನ್ನು ಒಳಮೈ ಮೇಲಾಗುವಂತೆ ಒತ್ತಾಗಿ ಹಾಸಲಿ, ಮರಳಿನಲ್ಲಿ ನೀರು ಹಿಡಿದಿಡಲು ಅದಕ್ಕಿಂತ ಒಳ್ಳೆಯದಿಲ್ಲ. ಅದರ ಮೇಲೆ ಒಣ ಸೋಗೆ, ಅಡುಗೆಮನೆಯ ಕಸ, ಮೀನಿನ ತ್ಯಾಜ್ಯ ಹಾಕಿ ಎರಡು ತಿಂಗಳು ಕೊಳೆಯಲು ಬಿಡಲಿ. ಮೀನು ಹಾಕಿದ ಮೇಲೆ ಮುಚ್ಚಲೇಬೇಕು, ಇಲ್ಲವಾದರೆ ಇಲಿಗಳನ್ನು ನಾವೇ ಕರೆದಂತಾಗುತ್ತದೆ.

ಹೆಸರಘಟ್ಟದ ಹಾದಿ (ಭಾನುವಾರ, ರಾತ್ರಿ 11.05)

ಇಲಿಗೆ ಕವರತ್ತಿಯಲ್ಲಿಯೇ ಕಣಜ ಗೂಬೆಗಳನ್ನು ತಂದು ಬಿಟ್ಟ ಪ್ರಯೋಗವೊಂದು ನಡೆದಿದೆ. ಶಾಲೆಯವರು ಅಲ್ಲಿನ ಕೃಷಿ ಇಲಾಖೆಯಲ್ಲಿ ಅದರ ಫಲವೇನಾಯಿತೆಂದು ವಿಚಾರಿಸಲಿ. ಅಲ್ಲಿಯವರೆಗೆ ಗೆಣಸಿನ ಮಡಿಗೆ ಸುತ್ತಲೂ ತಗಡು ಹುಗಿದರೆ ಸಾಕು. ಇಲಿ ವಿಷವನ್ನು ಮಾತ್ರ ಬಳಸಬಾರದು, ಬಾವಿಗಳು ತೀರಾ ಹತ್ತಿರವಿವೆ.

ಜಯನಗರ ನಿವಾಸಿ (ಸೋಮವಾರ, ಬೆಳಿಗ್ಗೆ 6.30)

ಕುಂಡದ ಯೋಚನೆ ಬಿಟ್ಟೆ. ಇಂದೇ ಹೆಸರಘಟ್ಟಕ್ಕೆ ಹೊರಟಿದ್ದೇನೆ. ಮೂರು ಗುಂಟೆಗೆ ಹರಿವೆ ಬೀಜ ಎಷ್ಟು ಗ್ರಾಂ ಬೇಕಾಗಬಹುದು?

ಯಲಹಂಕದ ತೋಟಗಾರ್ತಿ (ಸೋಮವಾರ, ಬೆಳಿಗ್ಗೆ 6.55)

ಎಲ್ಲ ಜಾಗಕ್ಕೂ ಹರಿವೆ ಬೇಡ, ಅರ್ಧ ಗುಂಟೆ ಸಾಕು. ನೂರು ಗ್ರಾಂ ತೆಗೆದುಕೊಳ್ಳಿ, ಮರಳಿನೊಂದಿಗೆ ಬೆರೆಸಿ ಹದಿನೈದು ದಿನಕ್ಕೊಂದು ಮಡಿಯಂತೆ ಬಿತ್ತಲಿ. ಬೀಜದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿ, ಒಂದು ಹಿಡಿ ಒಣ ಬೂದಿಯ ಜೊತೆ ಇಟ್ಟು ಕಳುಹಿಸಿ. ಕಡಲ ಗಾಳಿಯ ತೇವಕ್ಕೆ ಬೀಜ ಬೇಗ ಕೆಡುತ್ತದೆ.